ಅತ್ತೆಯ ಸೊಂಟ ಕಾದ ವಿಂಧ್ಯಾ

ವಿಂಧ್ಯಾಗೆ ಕೂತಲ್ಲಿ ಕೂರಲು ಬರುವುದಿಲ್ಲ. ಕತಾರ್‌ಗಾಮ್‌ನ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಹಗಲೆಲ್ಲ ನರ್ಸ್ ಕೆಲಸ ಮಾಡಿ, ಸಂಜೆ ತಾಪಿ ನದಿ ದಾಟಿ ಅಡಾಜಣ್‌ನ ನಮ್ಮ ಫ್ಲ್ಯಾಟಿಗೆ ಬಂದರೆ ಕೊಟ್ಟ ಕಾಫಿಯನ್ನೂ ಓಡಾಡುತ್ತಲೇ ಕುಡಿಯುತ್ತಿದ್ದಳು. ಹಾಸನದ ಹುಡುಗಿ, ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ನಮ್ಮತ್ತೆ ರಮಾಮಣಿಯವರು ಬಿದ್ದು, ಆಪರೇಷನ್ ಮಾಡಿ ಅವರ ಸೊಂಟದ ಕೀಲು ಬದಲಾಯಿಸಬೇಕಾದಾಗ, ವಾರ್ಡಿನಲ್ಲಿ ಕನ್ನಡ ಕೇಳಿ ನಾವೇ ಅವಳ ಬೆನ್ನು ಹತ್ತಿದೆವು. ಮನೆಗೂ ಬಂದು ನೋಡಿಕೋ ಎಂದು ಗೋಗರೆದವಳು ನಾನೇ.

ಹೊಸ ಕೀಲು ಗಟ್ಟಿಯಾಗುವವರೆಗೆ ಅತ್ತೆ ಬಗ್ಗುವಂತಿರಲಿಲ್ಲ, ಕಾಲ ಮೇಲೆ ಕಾಲು ಹಾಕುವಂತಿರಲಿಲ್ಲ. ಒಳಗಿನ ಗುಂಡು ಅದರ ಬಟ್ಟಲಿನಿಂದ ಜಾರಿದರೆ ಮತ್ತೆ ಕೊಯ್ಯಬೇಕಾಗಬಹುದು, ಇವರ ಹೃದಯ ಇನ್ನೊಂದು ಆಪರೇಷನ್ ತಡೆಯುವುದು ಕಷ್ಟ ಎಂದು ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಂದಿನಿಂದ ನನಗೆ ನೆಮ್ಮದಿ ಎಂಬುದಿರಲಿಲ್ಲ. ಅಡುಗೆಮನೆಯಲ್ಲಿ ಸೌಟು ಬಿದ್ದರೂ ಅತ್ತೆಯೇ ಬಿದ್ದರೆಂದು ಓಡುತ್ತಿದ್ದೆ.

ಅತ್ತೆಯೋ, ಜೀವಮಾನವಿಡೀ ಬಗ್ಗಿ ರಂಗೋಲಿ ಹಾಕಿದವರು. ನೆಲದ ಮೇಲೆ ಒಂದು ಹೂವಿನ ಎಸಳು ಕಂಡರೂ ಅವರ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ವಿಂಧ್ಯಾ ಕುರ್ಚಿಯ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದಳು, ಕಮೋಡಿನ ಮೇಲೆ ಎತ್ತರದ ಸೀಟು ಕೂರಿಸಿದಳು, ಮೀನಖಂಡ ಊದಿದೆಯೇ ಎಂದು ದಿನವೂ ಒತ್ತಿ ನೋಡಿದಳು. ಮಾತು ಕೇಳದಿದ್ದರೆ ಗದರಿಸುತ್ತಿದ್ದಳು. ಮದುವೆಯಾದಾಗಿನಿಂದ ನಾನು ನುಂಗಿಕೊಂಡಿದ್ದ ಮಾತನ್ನೆಲ್ಲ ಅವಳು ಬಂದ ವಾರದಲ್ಲೇ ಆಡಿ ಮುಗಿಸಿದಳು. ಅತ್ತೆ ನಗುನಗುತ್ತಾ ಕೇಳಿಸಿಕೊಂಡರು! ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ವಿಂಧ್ಯಾಗೆ ವಡೋದರಾದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅತ್ತೆ ವಾಕರ್ ಹಿಡಿದು ಬಾಲ್ಕನಿವರೆಗೆ ನಡೆಯುತ್ತಿದ್ದರಾದರೂ ಡಾಕ್ಟರು ಬಗ್ಗಲು ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ರೈಲಿಗೆ ಹೋಗುವ ಮುನ್ನ ಹೇಳಿ ಹೋಗಲು ಅವಳು ಬಂದಾಗ, ಇನ್ನು ಇವರನ್ನು ಹೇಗಪ್ಪಾ ಕಾಯುವುದು ಎಂದು ನನಗೆ ಒಳಗೊಳಗೇ ತಳಮಳ. ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ. ವಿಂಧ್ಯಾಳ ಕಣ್ಣು ತುಂಬಿತ್ತು. ಎತ್ತರದ ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಕಾಲಿಗೆ ಅವಳು ನಮಸ್ಕಾರ ಮಾಡಿದಳು.

ನಮ್ಮ ಕಡೆಯ ಹಿರಿಯರು ಕಾಲಿಗೆರಗಿದವರನ್ನು ನೆಲದ ಮೇಲೆ ಬಿಡುತ್ತಾರೆಯೇ? ಅತ್ತೆ ಪೂರ್ತಿ ಮುಂದಕ್ಕೆ ಬಾಗಿ, ಎರಡೂ ಕೈಯಿಂದ ಅವಳ ಭುಜ ಹಿಡಿದು ಎತ್ತಲು ಹೋದರು. ಲಟಕ್ಕೆಂದಿತು. ಅತ್ತೆಯ ಚೀರಾಟಕ್ಕೆ ಎದುರು ಮನೆಯ ಬಾಗಿಲು ತೆರೆಯಿತು. ಕಾಲು ಒಳಕ್ಕೆ ತಿರುಗಿ ಗಿಡ್ಡವಾಗಿತ್ತು. ಯಾರೂ ಅಲುಗಿಸಕೂಡದೆಂದು ತಡೆದು, ವಿಂಧ್ಯಾ ತಾನೇ ಆಂಬುಲೆನ್ಸಿಗೆ ಫೋನ್ ಮಾಡಿದಳು. ಅವಳ ಮುಖ ನೋಡಲೂ ನನಗೆ ಮನಸ್ಸಿರಲಿಲ್ಲ.

ದೇವರು ದೊಡ್ಡವನು, ಕೊಯ್ಯದೆಯೇ, ಮಂಪರು ಬರಿಸಿ ಎಳೆದು ಕೀಲನ್ನು ಕೂರಿಸಿದರು. ಅತ್ತೆಗೆ ಎಚ್ಚರವಾದ ಮೇಲೆ ಡಾಕ್ಟರು ಇದು ಹೇಗಾಯಿತೆಂದು ಕೇಳಿದರು. ಅತ್ತೆ ತಮ್ಮ ಹರಕು ಹಿಂದಿಯಲ್ಲಿ, ಕನ್ನಡಕ ಬಿತ್ತು, ಎತ್ತಿಕೊಳ್ಳಲು ಬಗ್ಗಿದೆ ಎಂದರು.

ವಿಂಧ್ಯಾ ಹಾಗಲ್ಲವೆಂದು ತಲೆ ಅಲ್ಲಾಡಿಸಿದಳು. ತಾನು ಕಾಲಿಗೆ ಬಿದ್ದದ್ದು, ಅವರು ಎತ್ತಲು ಬಾಗಿದ್ದು, ಎಲ್ಲವನ್ನೂ ಹೇಳಿದಳು. ನರ್ಸ್ ಆಗಿ ಇಷ್ಟೂ ಹೊಳೆಯಲಿಲ್ಲವೇ ಎಂದು ಗದರಿ ಡಾಕ್ಟರು ಹೊರಟುಹೋದರು. ಅವಳು ಗೋಡೆಗೆ ಒರಗಿ ಅತ್ತಳು. ರೈಲು ಆಗಲೇ ಹೋಗಿತ್ತು.

"ಬಾರೆ ಇಲ್ಲಿ," ಎಂದರು ಅತ್ತೆ. "ಆಶೀರ್ವಾದ ಅರ್ಧಕ್ಕೇ ನಿಂತಿದೆ. ತಲೆ ನೀನೇ ಹತ್ತಿರ ತಾ. ನಾನಿನ್ನು ಬಗ್ಗೋದಿಲ್ಲ."

ವಿಂಧ್ಯಾ ಮೊದಲು ಕೀಲು ಮತ್ತೆ ಜಾರದಂತೆ ಅವರ ಕಾಲುಗಳ ನಡುವೆ ಇಟ್ಟಿದ್ದ ದಿಂಬು ಸರಿಯಾಗಿದೆಯೇ ಎಂದು ಮುಟ್ಟಿ ನೋಡಿದಳು. ಆಮೇಲೆ ತಲೆಯನ್ನು ಅವರ ಕೈಯ ಕೆಳಗೆ ತಂದಳು.