ಹೆಸರು ಕೇಳಲು ಕಲಿಸಿದ ಟ್ರೈನಿಂಗ್ ಸಿಸ್ಟರ್

ಹೊಸ ನರ್ಸುಗಳನ್ನು ತಿದ್ದುವ ಟ್ರೈನಿಂಗ್ ಸಿಸ್ಟರ್ ಅವರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಅದನ್ನು ಎತ್ತಿದರೆ ಸಾಕು, ಹುಡುಗಿಯರ ಬಾಯಿ ಒಣಗುತ್ತಿತ್ತು. ನಾನು ಅದೇ ಖಾಸಗಿ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವನು. ಸ್ಕೂಲು ಬೇಗ ಬಿಟ್ಟವನಾದರೂ ದುಡಿದು ತಿಂದವನು, ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಟ್ರೈನಿಂಗ್ ಸಿಸ್ಟರ್ ಎದುರು ಬಂದರೆ ಮಾತ್ರ ಗೋಡೆಗೆ ಸರಿದು ನಿಲ್ಲುತ್ತಿದ್ದೆ.

ನರ್ಸಿಂಗ್ ಮುಗಿಸಿ ರಿಜಿಸ್ಟ್ರೇಷನ್ ಆದವರೂ ಮೊದಲು ಅವರ ಓರಿಯೆಂಟೇಷನ್ ತರಬೇತಿ ದಾಟಬೇಕು. ಅವರು ಒಪ್ಪದಿದ್ದರೆ ಕೆಲಸವಿಲ್ಲ. ನನ್ನ ಮಗಳೂ ಆ ಬ್ಯಾಚಿಗೆ ಸೇರಿದಳು.

ನಮ್ಮ ಕಡೆ ಹಿರಿಯರನ್ನು ಹೆಸರು ಕೇಳುವುದು ಮರ್ಯಾದೆಯಲ್ಲ. ಹುಡುಗಿಯರು ಅಜ್ಜಿ, ಯಜಮಾನ್ರೇ ಅಂತಲೇ ಮಾತ್ರೆ ಕೊಟ್ಟುಬಿಡುತ್ತಿದ್ದರು. ಸಿಸ್ಟರಿಗೆ ಆಗದಿದ್ದದ್ದು ಅದೇ. "ಈ ವಾರ್ಡಲ್ಲಿರೋರೆಲ್ಲ ಅಜ್ಜೀರೇ. ಯಾವ ಅಜ್ಜಿಗಮ್ಮ ಈ ಮಾತ್ರೆ?" ಅನ್ನುತ್ತಿದ್ದರು.

ಒಮ್ಮೆ ಅಭ್ಯಾಸಕ್ಕೆಂದು ನನ್ನನ್ನೇ ರೋಗಿಯ ಹಾಗೆ ಮಲಗಿಸಿದರು. ಮಗಳು ಬಂದು, "ಅಪ್ಪಾಜಿ, ಕೈ ಕೊಡಿ" ಅಂದಳು.

"ಇಲ್ಲಿ ನಿಮ್ಮಪ್ಪ ಇಲ್ಲ ಕಣಮ್ಮ. ಹೆಸರು ಕೇಳು" ಅಂದರು ಸಿಸ್ಟರ್.

ಅವಳು ನೆಲ ನೋಡುತ್ತಾ ಕೇಳಿದಳು. ಮೈ ಉರಿದುಹೋಯಿತು, ಆದರೂ ಹೇಳಿದೆ.

ಕೊನೆಯ ಪರೀಕ್ಷೆಯಾಗಿ ಸಿಸ್ಟರ್ ಎದುರಿಗೆ ನಿಜವಾದ ರೋಗಿಗೆ ರಕ್ತ ಹಾಕಬೇಕಿತ್ತು. ನಾನು ವಾರ್ಡಿನ ಬಾಗಿಲಲ್ಲಿದ್ದೆ. ಮಗಳು ಚೀಲ ನೇತುಹಾಕಿ, "ಅಜ್ಜಿ, ಕೈ ಕೊಡಿ" ಅಂದಳು. ಅಜ್ಜಿ ಕೈ ಚಾಚಿತು. ಹಿಂದೆ ನಿಂತ ಸಿಸ್ಟರ್ ತುಟಿ ಬಿಚ್ಚಲಿಲ್ಲ. ಕೇಳು ತಾಯಿ, ಕೇಳು ಅಂತ ಒಳಗೊಳಗೇ ಬೇಡಿಕೊಂಡೆ. ಕೊಳವೆ ಹಿಡಿದ ಅವಳ ಕೈ ನಿಂತಿತು.

"ಅಜ್ಜಿ, ನಿಮ್ಮ ಹೆಸರು ಹೇಳಿ."

"ಚಿಕ್ಕತಾಯಮ್ಮ ಕಣವ್ವ."

ಚೀಲದ ಮೇಲಿದ್ದ ಹೆಸರು ಪುಟ್ಟಮ್ಮ. ಒಬ್ಬರಿಗೆ ಫ್ಯಾನ್ ಗಾಳಿ ಆಗದೆಂದು ಅಜ್ಜಿಯರಿಬ್ಬರೂ ತಾವೇ ಮಂಚ ಬದಲಾಯಿಸಿಕೊಂಡಿದ್ದರು.

ಮಗಳು ಗಡಗಡ ನಡುಗಿದಳು. ಸಿಸ್ಟರ್ ಚೀಲ ಇಳಿಸುತ್ತಾ, "ನಡುಗಲಿ ಬುಡು. ಈ ಭಯ ಕಳ್ಕೋಬೇಡ" ಅಂದರು.

ಸಿಸ್ಟರ್ ಹೊರಗೆ ಬಂದಾಗ, ಅವಳು ಕೇಳದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಧೈರ್ಯ ಮಾಡಿ ಕೇಳಿದೆ.

"ನಾನು ಕೊಳವೆ ಹಿಡ್ಕೊಬುಡ್ತಿದ್ದೆ ಕಣಪ್ಪ. ಅಜ್ಜಿಗೇನೂ ಆಗ್ತಿರಲಿಲ್ಲ. ನಿಮ್ಮ ಮಗಳನ್ನ ಮಾತ್ರ ಇವತ್ತೇ ಮನೆಗೆ ಕಳಿಸ್ತಿದ್ದೆ."

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಮಗಳು ಐಸಿಯುನಲ್ಲಿದ್ದಾಳೆ, ಒಳ್ಳೆಯ ಹೆಸರಿದೆ. ಅದು ಅವರು ಕೊಟ್ಟ ಬದುಕು. ಆದರೂ ಸ್ಟ್ರೆಚರ್ ತಳ್ಳಿಕೊಂಡು ಆ ಗಾಜಿನ ಬಾಗಿಲು ದಾಟುವಾಗ, ರಕ್ತದ ಚೀಲ ಹಿಡಿದು ನಿಂತ ಅವಳ ಹಿಂದೆ ಯಾರೂ ಇಲ್ಲದ್ದೇ ನನ್ನ ಕಣ್ಣಿಗೆ ಬೀಳುತ್ತದೆ.