ಕಾವಲುಗಾರನ ಪಾರ್ಟು

ಮಾವಿನ ಸೊನೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ ಎಂದು ಗೊತ್ತಿತ್ತು. ಕಾಗದಕ್ಕೆ ಹತ್ತಿದರೂ ಹೋಗುವುದಿಲ್ಲವೆಂದು ಕಳೆದ ವಾರ ತಿಳಿಯಿತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೆಲಸ ಮಾಡುವ ನಾರಾಯಣಸ್ವಾಮಿ ಎಂಬುವರು ಮಾಲೂರಿನ ನನ್ನ ಟೈಪಿಂಗ್ ಅಂಗಡಿಗೆ ಬಂದು, ನಾಲ್ಕಾಗಿ ಮಡಿಸಿದ ಮೂರು ಹಾಳೆಗಳನ್ನು ಕೌಂಟರಿನ ಮೇಲಿಟ್ಟರು. ಮಡಿಕೆಗಳಲ್ಲಿ ಹರಿದಿದ್ದವು, ಅಂಚಿನಲ್ಲಿ ಕಪ್ಪು ಕಲೆ, ಒಣಹುಲ್ಲಿನ ವಾಸನೆ. ಮೊದಲ ಸಾಲು ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಅಕ್ಷರ ಅವರದು. ಸಾಲು ನಾನೇ ಒಂದು ಕಾಲದಲ್ಲಿ ಟೈಪು ಮಾಡಿದ್ದು.

ಇದನ್ನು ನಿಮಗೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಇಂಟರ್ನೆಟ್ಟಿನಲ್ಲಿ ಕನ್ನಡ ಬರೆಯುವವರದೊಂದು ಬಳಗವಿತ್ತು. ಹಗಲೆಲ್ಲ ಮದುವೆ ಕಾರ್ಡು, ತಾಲ್ಲೂಕು ಕಚೇರಿಯ ಅರ್ಜಿ ಟೈಪು ಮಾಡಿ, ಸಂಜೆ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿಗೆ ಹೋಗಿ ಒಂದು ಗಂಟೆ ನಾನು ಸಾಹಿತಿಯಾಗುತ್ತಿದ್ದೆ. ನನ್ನ ಒಂದು ಕವನಕ್ಕೆ ಹನ್ನೊಂದು ಪ್ರತಿಕ್ರಿಯೆ ಬಂದಿದ್ದವು. ಅವುಗಳಲ್ಲಿ ನಾಲ್ಕು ನಾನೇ ಬರೆದ ಧನ್ಯವಾದಗಳು. ತಪ್ಪಿಲ್ಲದೆ ಟೈಪು ಮಾಡುತ್ತೇನೆಂಬ ಒಂದೇ ಕಾರಣಕ್ಕೆ ನನ್ನನ್ನು ಮೂವರು ನಿರ್ವಾಹಕರಲ್ಲಿ ಒಬ್ಬಳನ್ನಾಗಿ ಮಾಡಿದರು.

ಬಳಗದಲ್ಲಿ ಕಥೆಗೊಂದು ವಿಭಾಗ, ಕವನಕ್ಕೊಂದು, ಪ್ರಬಂಧಕ್ಕೊಂದು. ನಾಟಕಕ್ಕಾಗಲಿ ಸಿನಿಮಾ ಚಿತ್ರಕಥೆಗಾಗಲಿ ಇರಲಿಲ್ಲ. ಅವು 'ಇತರೆ'ಗೆ ಹೋಗುತ್ತಿದ್ದವು, ಚಟ್ನಿಪುಡಿ ಮಾಡುವ ವಿಧಾನದ ಪಕ್ಕಕ್ಕೆ. ಒಬ್ಬರು ವಾರಗಟ್ಟಲೆ ಕೂತು ಒಂದು ಚಿತ್ರಕಥೆ ಹಾಕಿದ್ದರು. ಅದಕ್ಕೆ ಬಂದದ್ದು ಒಂದೇ ಉತ್ತರ: ಇದನ್ನು ಕಥೆಯ ರೂಪದಲ್ಲಿ ಬರೆದರೆ ಓದಬಹುದು. ಓದುವುದಕ್ಕಲ್ಲದೆ ಬೇರೆ ಯಾವುದಕ್ಕಾದರೂ ಒಬ್ಬರು ಬರೆದಿರಬಹುದು ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆ ದಿನಗಳಲ್ಲೇ ಮಾಸ್ತಿ ಕಡೆಯ ಡ್ರಾಮಾ ಮೇಷ್ಟ್ರು ಗೋವಿಂದಪ್ಪ ಅಂಗಡಿಗೆ ಬಂದರು. ನಲವತ್ತು ವರ್ಷ ಹಾರ್ಮೋನಿಯಂ ಹಿಡಿದು ಹಳ್ಳಿಯವರಿಗೆ ನಾಟಕ ಕಲಿಸಿದವರು. ಈ ಒಂದು ನಾಟಕ ಮಾತ್ರ ಅವರೇ ಬರೆದದ್ದು. ವೇಷ ಮರೆಸಿಕೊಂಡು ಊರು ಸುತ್ತಿ ಬಂದ ರಾಜನನ್ನು ಅವನ ಕೋಟೆಯ ಕಾವಲುಗಾರನೇ ಒಳಗೆ ಬಿಡದ ಕಥೆ. ಪಾತ್ರ ಆರು. ಪಾತ್ರಧಾರಿಗಳಲ್ಲಿ ರಾಜನ ಪಾತ್ರದವರು ಮುಳಬಾಗಿಲಲ್ಲಿ, ಇಬ್ಬರು ಲಕ್ಕೂರಿನ ಹತ್ತಿರದ ಕಾರ್ಖಾನೆಯಲ್ಲಿ, ನಾರಾಯಣಸ್ವಾಮಿ ಶ್ರೀನಿವಾಸಪುರದಲ್ಲಿ, ಹೀಗೆ ಚದುರಿದ್ದರು.

"ಏಮಮ್ಮಾ," ಎಂದು ತೆಲುಗಿನಲ್ಲಿ ಶುರುಮಾಡಿ ಮೇಷ್ಟ್ರು ಕನ್ನಡಕ್ಕೆ ಬಂದರು, "ಕಂಪ್ಯೂಟರ್‌ಗೆ ಹಾಕಿದ್ರೆ ಎಲ್ಲಿದ್ದೋರು ಅಲ್ಲೇ ನೋಡ್ಕೊಬೋದಂತಲ್ಲ?"

ಅವರು ಕೊಟ್ಟದ್ದು ಆರು ಬೇರೆ ಬೇರೆ ಕಂತೆ. ಅವರಲ್ಲಿ ಪದ್ಧತಿಯೇ ಹಾಗೆ. ಇಡೀ ನಾಟಕ ಯಾರ ಕೈಗೂ ಸಿಗುವುದಿಲ್ಲ. ಒಬ್ಬೊಬ್ಬರಿಗೆ ಅವರವರ ಮಾತು ಮಾತ್ರ, ಅದೇ ಅವರ ಪಾರ್ಟು. ಪ್ರತಿ ಮಾತಿನ ಮೇಲೆ ಎದುರಿನವನ ಮಾತಿನ ಕೊನೆಯ ಎರಡು ಮೂರು ಪದ ಬರೆದಿರುತ್ತದೆ. ಅದನ್ನು ಮೇಷ್ಟ್ರು 'ತುದಿ' ಎನ್ನುತ್ತಿದ್ದರು. ಆ ತುದಿ ಕಿವಿಗೆ ಬಿದ್ದಾಗ ತನ್ನ ಮಾತು ಹೇಳಬೇಕು. ಎಲ್ಲವನ್ನೂ ಸೇರಿಸಿ ಒಂದೇ ಪುಸ್ತಕ ಮಾಡೋಣ ಎಂದೆ. ಪೂರ್ತಿ ಕೊಟ್ಟರೆ ಇನ್ನೊಬ್ಬನ ಮಾತು ಕಲಿತು ತನ್ನದು ಮರೆಯುತ್ತಾರೆ ಎಂದು ಒಪ್ಪಲಿಲ್ಲ. ಅಂಗಡಿಯ ಕಂಪ್ಯೂಟರಿನ ಅಕ್ಷರ ಬಳಗದ ತಾಣಕ್ಕೆ ಹೊಂದುತ್ತಿರಲಿಲ್ಲವಾದ್ದರಿಂದ ಸೈಬರಿನಲ್ಲಿ ಕೂತು ನೇರವಾಗಿಯೇ ಟೈಪು ಮಾಡಿದೆ. ಮೇಷ್ಟ್ರ ಹೆಸರಿನಲ್ಲಿ ತೆರೆದ ಖಾತೆ, ಆರು ಪಾರ್ಟು, ಆರು ಬರಹ, 'ಇತರೆ' ವಿಭಾಗ.

ಟೈಪಾದ ಹಾಳೆಗಳನ್ನು ಒಂದು ತಿಂಗಳಿಟ್ಟು ಹರಿದುಹಾಕುವುದು ನಮ್ಮ ಅಂಗಡಿಯ ಕ್ರಮ. ಹರಿಯುವ ಮೊದಲು ಮೇಷ್ಟ್ರನ್ನು ಕೇಳಿದೆ. ಇರಲಿ ಅನ್ನುತ್ತೀಯಾ, ಬೇಡ ಅನ್ನುತ್ತೀಯಾ ಎಂದು ಅವರು ನನ್ನನ್ನೇ ಕೇಳಿದರು. ಆಗ ನಾನು ಹೇಳಿದ ಮಾತು ಒಂದಕ್ಷರ ಬಿಡದೆ ನೆನಪಿದೆ.

"ಇನ್ನು ಇದು ಎಲ್ಲೂ ಹೋಗಲ್ಲ ಮೇಷ್ಟ್ರೇ." ಆರೂ ಕಂತೆಗಳನ್ನು ಹರಿದುಹಾಕಿದೆ.

ಬಳಗದವರಿಗೆ ಆ ಆರು ಬರಹಗಳ ತಲೆಬುಡ ತಿಳಿಯಲಿಲ್ಲ. ಒಬ್ಬರು ನಗುವ ಮುಖದ ಚಿತ್ರ ಹಾಕಿದರು. ಒಬ್ಬರು, ಇದು ಹೊಸ ಬಗೆಯ ಕವನವೇ ಎಂದರು. ಅಪೂರ್ಣ ಬರಹಗಳನ್ನು ಮೂರು ತಿಂಗಳಿಗೆ ತೆಗೆಯುವ ನಿಯಮವಿತ್ತು. ಉಳಿದಿಬ್ಬರು ನಿರ್ವಾಹಕರು ನನ್ನ ಅಭಿಪ್ರಾಯ ಕೇಳಿದರು. ಅವು ಅಪೂರ್ಣವಲ್ಲ, ಆರನ್ನೂ ಒಟ್ಟಿಗೆ ಇಟ್ಟರೆ ಒಂದು ನಾಟಕ ಎಂದು ಬಲ್ಲವಳು ನಾನೊಬ್ಬಳೇ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆದರೆ ಬರೆದರೆ, ಹಳ್ಳಿಯ ರಾಜ-ಮಂತ್ರಿ ನಾಟಕವನ್ನು ತಂದು ಹಾಕಿದವಳು ನಾನು ಎಂದು ತಿಳಿಯುತ್ತದಲ್ಲ. ಹನ್ನೊಂದು ಪ್ರತಿಕ್ರಿಯೆಯ ಕವಯಿತ್ರಿಗೆ ನಾಚಿಕೆಯಾಯಿತು. 'ತೆಗೆಯಿರಿ' ಎಂದು ಬರೆದು ಎದ್ದು ಬಂದೆ.

ಹದಿನೈದು ದಿನಕ್ಕೆ ಮೇಷ್ಟ್ರು ಬಂದರು. ಮುಳಬಾಗಿಲಿನವರು ಹುಡುಕಿದರಂತೆ, ಸಿಗಲಿಲ್ಲವಂತೆ. ತಾಣದಲ್ಲಿ ಏನೋ ತೊಂದರೆಯಾಗಿ ಅಳಿಸಿಹೋಯಿತು ಎಂದೆ. ನೀವು ಹೇಳಿ, ಮತ್ತೆ ಟೈಪು ಮಾಡುತ್ತೇನೆ ಎಂದು ಕುರ್ಚಿ ಎಳೆದು ಕೂರಿಸಿದೆ. ಅವರು ಕಣ್ಣು ಮುಚ್ಚಿದರು. ಬೆರಳು ಕೌಂಟರಿನ ಮೇಲೆ ಹಾರ್ಮೋನಿಯಂ ಮನೆಗಳನ್ನು ಒತ್ತುತ್ತಿದ್ದವು. ಬೆರಳು ನಿಲ್ಲಿಸಿ ಕಣ್ಣು ಬಿಟ್ಟರು.

"ಒಬ್ಬನೇ ಕೂತ್ರೆ ಬರಲ್ಲಮ್ಮ. ಎದುರುಗಡೆಯೋನು ತನ್ನ ಮಾತು ಹೇಳಿದ್ರೆ ತಾನಾಗೇ ಬರ್ತದೆ."

ಎದುರುಗಡೆಯವರು ಯಾರೂ ಸೇರಲಿಲ್ಲ. ಎರಡು ವರ್ಷದ ಮೇಲೆ ಮೇಷ್ಟ್ರು ತೀರಿಕೊಂಡರು. ಬಳಗವೂ ಒಂದು ದಿನ ಹೇಳದೆ ಕೇಳದೆ ಮುಚ್ಚಿಹೋಯಿತು, ನನ್ನ ಕವನದ ಸಮೇತ. ಅದಕ್ಕೆ ನನಗೆ ದುಃಖವಾಗಲಿಲ್ಲ.

ಕಳೆದ ವಾರ ಕೌಂಟರಿನ ಮೇಲೆ ಬಂದು ಬಿದ್ದದ್ದು ಆ ಆರರಲ್ಲಿ ಒಂದು, ಕಾವಲುಗಾರನ ಪಾರ್ಟು. ಸೈಬರಿನಲ್ಲಿ ನೋಡಿ, ಕಂಪ್ಯೂಟರಿನ ಮೇಲೆ ನಂಬಿಕೆಯಿಲ್ಲದೆ, ಪೆನ್ನಿನಲ್ಲಿ ಬರೆದಿಟ್ಟುಕೊಂಡಿದ್ದವರು ನಾರಾಯಣಸ್ವಾಮಿ ಒಬ್ಬರೇ.

"ಹರಿದೋಗ್ತಾ ಇದೆ, ನೀಟಾಗಿ ಹೊಡ್ಕೊಡಿ ಅಮ್ಮ," ಎಂದರು. "ಆವತ್ತು ಅದೇನೋ ತಾನಾಗೇ ಅಳಿಸೋಯ್ತಂತಲ್ಲ."

ಹೂಂ ಎಂದುಬಿಡಬಹುದಿತ್ತು. ಇಷ್ಟು ವರ್ಷ ಅದನ್ನೇ ಹೇಳಿದ್ದೆ.

"ತಾನಾಗೇ ಅಳಿಸಿಲ್ಲ," ಎಂದೆ. "ಅಳಿಸಲಾ ಅಂತ ನನ್ನ ಕೇಳಿದ್ರು. ನಾನು ಅಳಿಸಿ ಅಂದೆ."

ಅವರು ನನ್ನನ್ನು ನೋಡಲಿಲ್ಲ, ಹಾಳೆಯನ್ನು ನೋಡಿದರು. ಸೊನೆಯ ಕಲೆಯನ್ನು ಉಗುರಿನಿಂದ ಕೆರೆದರು. ಅದು ಹೋಗಲಿಲ್ಲ. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ತುದಿ ಓದಿ," ಎಂದರು.

ಓದಿದೆ. "...ಒಡೆಯನನ್ನೇ ಗುರುತಿಸಲಿಲ್ಲವೆ?"

ಹಾಳೆ ನೋಡದೆ, ಕೌಂಟರಿನ ಆ ಕಡೆ ನೆಟ್ಟಗೆ ನಿಂತು ಅವರು ಹೇಳಿದರು: "ಮುಖ ಬಲ್ಲೆ ಸ್ವಾಮಿ. ಆದರೆ ಮುದ್ರೆಯಿಲ್ಲದೆ ಬಾಗಿಲು ತೆರೆಯಬೇಡವೆಂದು ಅಪ್ಪಣೆ ಕೊಟ್ಟ ಮುಖವೂ ಇದೇ."

ಇಪ್ಪತ್ತಮೂರು ತುದಿಗಳಿದ್ದವು. ಎಲ್ಲವನ್ನೂ ಓದಿದೆ, ಎಲ್ಲಕ್ಕೂ ಅವರು ಉತ್ತರ ಕೊಟ್ಟರು. ಟೈಪು ಮಾಡುವಾಗ ಪ್ರತಿ ತುದಿಯ ಮೇಲೆ ಐದು ಸಾಲಿನಷ್ಟು ಖಾಲಿ ಬಿಟ್ಟೆ. ಹಳೆಯ ಹಾಳೆಗಳನ್ನು ಮಡಿಸಿ ಅವರ ಕೈಗೇ ಕೊಟ್ಟೆ. ಇದನ್ನೂ ಮನೆಯಲ್ಲಿ ಇಟ್ಟುಕೊಳ್ಳಿ, ನನ್ನ ಹತ್ತಿರ ಇದೆಯೆಂದು ಬಿಸಾಡಬೇಡಿ ಎಂದೆ.

"ಇಷ್ಟೊಂದು ಜಾಗ ಯಾಕಮ್ಮ ಬಿಟ್ಟಿದ್ದೀರಾ?"

ರಾಜನ ಪಾರ್ಟಿನ ಮುಳಬಾಗಿಲಿನವರು ಈಗ ಎಲ್ಲಿದ್ದಾರೆ ಎಂದು ಕೇಳಿದೆ.