ಓನ್‌ಚಾನಳ ತವರುನೀರು

ನಮ್ಮ ನಾಮ್‌ಖಾನ್ ಹೊಳೆಯ ದಡದಲ್ಲಿ ಹೊಳೆಪಾಚಿಯ ಹಪ್ಪಳ ಮಾಡುವವರು ಬೇಕಾದಷ್ಟು ಜನ. ಆದರೂ ಬೆಳಗಿನ ಸಂತೆಯಲ್ಲಿ ಜನ ಕಾದು ನಿಲ್ಲುವುದು ಓನ್‌ಚಾನಳ ಹಪ್ಪಳಕ್ಕೇ. ಎಳ್ಳು ಬೆಳ್ಳುಳ್ಳಿ ಧಾರಾಳ, ಮಾತು ಇನ್ನೂ ಧಾರಾಳ. ಈಕೆ ಹೊರಗಿನಿಂದ ಬಂದವಳು ಎಂದರೆ ಇಂದಿನವರು ನಂಬುವುದಿಲ್ಲ. ಮದುವೆಯಾದ ಮೊದಲ ವರ್ಷ ಅವಳಿಗೆ ಈ ಹೊಳೆಯ ಮುಖ ಕಂಡರೇ ಆಗುತ್ತಿರಲಿಲ್ಲ.

ಅವಳ ತವರು ಗುಡ್ಡಗಳಾಚೆಯ ಸಾಮ್‌ನ್ಯುವಾ, ನಾಮ್‌ಸಾಮ್ ಹೊಳೆಯ ದಂಡೆ. ನಮ್ಮಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆ ಸೇರುವುದು ವಾಡಿಕೆ. ಆದರೆ ಅವಳ ಗಂಡ, ದೋಣಿ ನಡೆಸುವ ಸೀಪಾನ್, ವಿಧವೆ ತಾಯಿಗೆ ಒಬ್ಬನೇ ಮಗ. ಹಾಗಾಗಿ ಓನ್‌ಚಾನಳೇ ಗುಡ್ಡ ದಾಟಿ ಬಂದಳು. ಬರುವಾಗಲೇ ಗಂಡನಿಗೆ ಕರಾರು ಹಾಕಿದ್ದಳು: ಹೊಸವರ್ಷದ ತನಕ ನೋಡುವುದು, ಮನಸ್ಸು ಹೊಂದದಿದ್ದರೆ ಇಬ್ಬರೂ ಸಾಮ್‌ನ್ಯುವಾಕ್ಕೆ ಹೊರಡುವುದು. ಸೀಪಾನ್ ತಲೆಯಾಡಿಸಿದ. ಈ ಸುದ್ದಿ ಕಿವಿಗೆ ಬಿದ್ದ ದಿನದಿಂದ ಅವನ ತಾಯಿ ಬುವಾವಾನಳ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಮಳೆ ಮುಗಿದು ದೀಪದೋಣಿಯ ಹಬ್ಬ ಬಂತು. ಬಾಳೆದಿಂಡಿನ ಪುಟ್ಟ ದೋಣಿಯಲ್ಲಿ ಹೂವು, ಮೇಣದಬತ್ತಿ ಇಟ್ಟು, ಕತ್ತರಿಸಿದ ಉಗುರು ಕೂದಲನ್ನೂ ಸೇರಿಸಿ, ವರ್ಷದ ಪೀಡೆಯೆಲ್ಲ ತೊಲಗಲೆಂದು ಹೊಳೆಗೆ ಬಿಡುತ್ತೇವೆ. ಓನ್‌ಚಾನ್ ತನ್ನ ದೋಣಿಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಕಡುಬು ಇಟ್ಟಳು. ಯಾರಿಗೆಂದು ಅತ್ತೆ ಕೇಳಿದರೆ, ಅವ್ವನಿಗೆ ಎಂದಳು. ನಾಡಿನ ನೀರೆಲ್ಲ ಕಡೆಗೆ ಮೆಕಾಂಗ್ ತಾಯಿಯ ಮಡಿಲಿಗೇ ಎಂದು ಎಲ್ಲರೂ ಹೇಳುವುದನ್ನು ನಂಬಿ, ಈ ಹೊಳೆ ಎಲ್ಲೋ ತನ್ನ ಹೊಳೆಯನ್ನೂ ಕೂಡುತ್ತದೆ ಎಂದುಕೊಂಡಿದ್ದಳು ಪಾಪ.

“ಎಲ್ಲಾರೂ ಪೀಡೆ ಕಳಿಸ್ತಿದ್ರೆ ನೀನು ಅವ್ವಂಗೆ ತಿಂಡಿ ಕಳಿಸ್ತಿದ್ದೀಯಲ್ಲೇ” ಎಂದಳು ಬುವಾವಾನ್. “ನಿಮ್ಮ ಹೊಳೆ ಗುಡ್ಡದ ಆ ಕಡೆಗೆ ಇಳಿದು ವಿಯೆಟ್ನಾಮಿಗೆ ಹೋಗತ್ತೆ. ಅದಕ್ಕೂ ಇದಕ್ಕೂ ಈ ಜನ್ಮದಲ್ಲಿ ಭೇಟಿ ಇಲ್ಲ.”

ದಡದ ಹೆಂಗಸರು ಬಿದ್ದು ಬಿದ್ದು ನಕ್ಕರು. ಓನ್‌ಚಾನ್ ಮನೆಗೆ ಬಂದವಳೇ ಬಟ್ಟೆಬರೆಯನ್ನೆಲ್ಲ ಗಂಟು ಕಟ್ಟಿ ಮೂಲೆಗಿಟ್ಟಳು. ಆಗ ಮುದುಕಿ ನಾಲಿಗೆ ಕಚ್ಚಿಕೊಂಡಳು. ಬೇಕಾದ ಬಟ್ಟೆ ಅಲ್ಲಿಂದಲೇ ಹೊರಬಂದು ಅಲ್ಲಿಗೇ ಸೇರುತ್ತಿತ್ತು; ಗಂಟು ಮಾತ್ರ ಚಳಿಗಾಲವೆಲ್ಲ ಕದಲಲಿಲ್ಲ. ಬುವಾವಾನ್ ಅದರ ಸುತ್ತಲೇ ಕಸ ಗುಡಿಸುತ್ತಿದ್ದಳು, ಮುಟ್ಟಲು ಧೈರ್ಯ ಸಾಲದು.

ಬೇಸಿಗೆಯಲ್ಲಿ ಬರುವ ನಮ್ಮ ಹೊಸವರ್ಷದ ದಿನ ಕಿರಿಯರು ಹಿರಿಯರ ಕೈಮೇಲೆ ಹೂವಿನ ನೀರು ಹುಯ್ದು ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳಬೇಕು. ಓನ್‌ಚಾನ್ ಬಟ್ಟಲು ಹಿಡಿದು ಬಂದು ಕೂತಳು. ಅತ್ತೆ ಆ ನೀರು ಬೇಡವೆಂದು, ಮಂಚದ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕ್ಯಾನು ಎಳೆದಳು. ಖಾಲಿ ಕ್ಯಾನನ್ನು ಸಾಮ್‌ನ್ಯುವಾ ಬಸ್ಸಿನ ಡ್ರೈವರನಿಗೆ ಕಾಡಿ ಬೇಡಿ ಕೊಟ್ಟು ಕಳಿಸಿ, ತುಂಬಿಸಿ ತರಿಸಿದ್ದಳಂತೆ. ಬೀಗಿತ್ತಿ, ಅಂದರೆ ಓನ್‌ಚಾನಳ ಅವ್ವ, ತಾನೇ ನಾಮ್‌ಸಾಮ್‌ಗೆ ಇಳಿದು ತುಂಬಿಸಿದ ನೀರು.

ಮುಚ್ಚಳ ತೆಗೆದದ್ದೇ ತಡ, ಇಬ್ಬರೂ ಮೂಗು ಮುಚ್ಚಿಕೊಂಡರು.

“ಇದೇನೇ, ನಿಮ್ಮ ಹೊಳೆ ಹಿಂಗೆ ನಾರತ್ತೆ?”

ಓನ್‌ಚಾನ್ ಇನ್ನೊಮ್ಮೆ ಮೂಸಿದಳು. “ನಾರ್ತಿರೋದು ನಮ್ಮ ಹೊಳೆಯಲ್ಲ ಅತ್ತೆ, ನಿಮ್ಮ ಹುಳಿಮೀನು. ಕ್ಯಾನು ಸರಿಯಾಗಿ ತೊಳೀದೇ ಕಳಿಸಿದ್ದೀರಿ.”

ಆ ಕ್ಯಾನಿನಲ್ಲಿ ಮೊದಲು ಹುಳಿಹಾಕಿ ಇಟ್ಟಿದ್ದು ಸೀಪಾನ್ ಇದೇ ನಾಮ್‌ಖಾನಿನಲ್ಲಿ ಹಿಡಿದು ತಂದ ಮೀನು. ಮುದುಕಿ ಎರಡೂ ಕೈ ಚಾಚಿದಳು.

“ಹುಯ್ಯಿ ಮತ್ತೆ. ಇಲ್ಲಿನ ಮೀನು, ಅಲ್ಲಿನ ನೀರು, ಎರಡೂ ಕೂಡೇಬಿಟ್ವು. ಕೂಡಲ್ಲ ಅಂದೋಳು ನಾನು. ನನ್ನದು ತಪ್ಪಾಯ್ತು ಕಣವ್ವ.”

ಕ್ಷಮೆ ಕೇಳಲು ಬಂದವಳು ಓನ್‌ಚಾನ್, ಕೇಳಿದವಳು ಅತ್ತೆ. ಸೊಸೆ ಅಳುತ್ತ, ನಗುತ್ತ, ನಾರುವ ಆ ನೀರನ್ನು ಅತ್ತೆಯ ಬೊಗಸೆಗೆ ಹುಯ್ದಳು.

ಸಂಜೆ ದೋಣಿ ಕಟ್ಟಿ ಬಂದ ಸೀಪಾನನಿಗೆ ಮೂಲೆಯಲ್ಲಿ ಗಂಟು ಕಾಣಲಿಲ್ಲ. ಕಟ್ಟಿಕೊಂಡವಳು ಹೊರಟೇಹೋದಳೆಂದು ಬಸ್‌ಸ್ಟ್ಯಾಂಡಿಗೆ ಓಡಲು ಅಂಗಳಕ್ಕೆ ಹಾರಿದ. ಅಲ್ಲಿ ಈ ತುದಿಯಿಂದ ಆ ತುದಿಗೆ ಓನ್‌ಚಾನಳ ಬಟ್ಟೆಗಳೆಲ್ಲ, ನಾಮ್‌ಖಾನಿನಲ್ಲಿ ಒಗೆದು ಹಿಂಡಿದವು, ತಂತಿಯ ಮೇಲೆ ಒಣಗುತ್ತಿದ್ದವು.